ಹಳೇ ಜೀಪು ರಿಪೇರಿ: ಹೊಗೆ ಆಮೇಲೆ, ಬ್ರೇಕು ಮೊದಲು

ನಮ್ಮ ಬಿಟ್ಟಂಗಾಲದ ಕಡೆ ಜೂನ್ ಮಳೆ ಹಿಡಿದ ಮೇಲೆ ತೋಟದೊಳಗೆ ಸಾಮಾನು ಸಾಗಿಸೋಕೆ ಜೀಪು ಬಿಟ್ಟರೆ ಬೇರೆ ದಾರಿ ಇಲ್ಲ. ವಿರಾಜಪೇಟೆ–ಗೋಣಿಕೊಪ್ಪ ರಸ್ತೆಯಲ್ಲಿ ಕಾರು, ಬೈಕು ಎಲ್ಲಾ ಓಡತ್ತೆ. ಟಾರು ಬಿಟ್ಟು ಒಳಗೆ ತಿರುಗಿದರೆ ಕೆಂಪು ಮಣ್ಣು, ಜಾರುವ ಇಳಿಜಾರು, ಮಧ್ಯೆ ಒಂದು ತೋಡು. ಗೊಬ್ಬರದ ಚೀಲ, ಸ್ಪ್ರಿಂಕ್ಲರ್ ಪೈಪು, ಕೊಯ್ಲಿನ ಸಮಯದಲ್ಲಿ ಕಾಫಿ ಹಣ್ಣು, ಎಲ್ಲವೂ ಜೀಪಿನಲ್ಲೇ ಬರಬೇಕು. ಹಾಗಾಗಿ ಹೊಸ ಥಾರ್ ತಗೊಂಡವರ ಶೆಡ್ಡಿನಲ್ಲೂ ಮೂಲೆಯಲ್ಲಿ ಒಂದು ಹಳೇ ಜೀಪು ಇದ್ದೇ ಇರತ್ತೆ.

ನನ್ನದು ಮಹೀಂದ್ರಾ ಎಂಎಂ 540. ಆ ಮಾಡೆಲ್ ಬಂದಿದ್ದು 1985ರಲ್ಲಿ, ನನ್ನ ಗಾಡಿ ಅದಕ್ಕಿಂತ ಸ್ವಲ್ಪ ಚಿಕ್ಕದು. ಪೂಜೋ ಡೀಸೆಲ್ ಎಂಜಿನ್, ನಾಲ್ಕು ಗೇರು, ಮುಂದೆ ಹಿಂದೆ ಪಟ್ಟಿ ಸ್ಪ್ರಿಂಗು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ನಾನು ತಗೊಂಡಾಗಲೇ ಮೂರು ಕೈ ಬದಲಾಗಿತ್ತು. ಮೀಟರಿನಲ್ಲಿ ಐದೇ ಅಂಕಿ, ಅದು ಎಷ್ಟು ಸಲ ಸೊನ್ನೆಗೆ ಬಂದು ಮತ್ತೆ ಶುರುವಾಗಿದೆಯೋ ದೇವರಿಗೇ ಗೊತ್ತು. ಇಂಥ ಗಾಡಿಯಲ್ಲಿ ಕಿಲೋಮೀಟರ್ ಕೇಳೋದರಲ್ಲಿ ಅರ್ಥವಿಲ್ಲ. ಕ್ಲಚ್ ಪೆಡಲ್ಲಿನ ರಬ್ಬರು, ಸ್ಟೀರಿಂಗಿನ ಆಟ, ಸ್ಪ್ರಿಂಗ್ ಶ್ಯಾಕಲ್ಲಿನ ಸವೆತ ಇವನ್ನು ನೋಡಿ ಅಂದಾಜು ಮಾಡ್ಬೇಕು.

ಎರಡು ವರ್ಷದ ಹಿಂದೆ ಮೇ ಕೊನೆಯಲ್ಲಿ, ಮುಂಗಾರು ಜೋರಾಗೋ ಮೊದಲು ಗೊಬ್ಬರ ಮುಗಿಸಿಬಿಡೋಣ ಅಂತ ಎಂಟು ಚೀಲ ತುಂಬಿಕೊಂಡು ಗದ್ದೆ ಬದಿಯ ತೋಟಕ್ಕೆ ಇಳೀತಿದ್ದೆ. ಹಿಂದೆ ಚೀಲದ ಮೇಲೆ ಇಬ್ಬರು ಕೆಲಸದವರು, ಪಕ್ಕದಲ್ಲಿ ನಮ್ಮ ತೋಟದ ರೈಟರು. ತಿರುವಿನ ಹತ್ತಿರ ಬ್ರೇಕ್ ಒತ್ತಿದರೆ ಪೆಡಲ್ಲು ಸೀದಾ ನೆಲಕ್ಕೆ ಹೋಯ್ತು. ಇನ್ನೊಂದು ಸಲ ಒತ್ತಿದೆ, ಆಗಲೂ ಅಷ್ಟೇ. ಅದೃಷ್ಟಕ್ಕೆ ಲೋ ರೇಂಜ್ ಹಾಕಿ ಒಂದನೇ ಗೇರಿನಲ್ಲಿ ಇಳೀತಿದ್ದೆ. ಕ್ಲಚ್ ಮುಟ್ಟದೆ ಬಲಗಡೆಯ ಬರೆಗೆ ಗಾಡಿಯನ್ನು ಒರಗಿಸಿದೆ. ಬಂಪರ್ ಮಣ್ಣಿಗೆ ಹೂತುಕೊಂಡು ನಿಂತಿತು. ಎಡಗಡೆ ಹದಿನೈದಡಿ ಕೆಳಗೆ ಗದ್ದೆ.

ಯಾರಿಗೂ ಏನೂ ಆಗಲಿಲ್ಲ. ಹಿಂದೆ ಕೂತಿದ್ದವರು ಇಳಿದು ನಗಾಡಿದರು, ನನಗೆ ಮಾತ್ರ ಕಾಲು ನಡುಗ್ತಿತ್ತು. ರೈಟರು ಬಗ್ಗಿ ಎಡ ಹಿಂದಿನ ಚಕ್ರದ ಒಳಗೆ ಬೆರಳು ಹಾಕಿ ಉಜ್ಜಿ ನೋಡಿ, ‘ಸಾರ್, ಇದು ನೀರಲ್ಲ, ಆಯಿಲ್ಲು’ ಅಂದರು.

ತಪ್ಪು ನನ್ನದೇ. ಆ ತಿಂಗಳು ಎರಡು ಸಲ ಬ್ರೇಕ್ ಆಯಿಲ್ ಟಾಪ್ ಅಪ್ ಮಾಡಿದ್ದೆ, ಅದು ಎಲ್ಲಿಗೆ ಹೋಗ್ತಿದೆ ಅಂತ ಒಂದು ಸಲವೂ ಬಗ್ಗಿ ನೋಡಿರಲಿಲ್ಲ. ಟೈರಿನ ಒಳಬದಿ ಒದ್ದೆ ಇದ್ದದ್ದನ್ನು ಮಳೆ ನೀರು ಅಂದ್ಕೊಂಡಿದ್ದೆ. ಯಾಕೆಂದರೆ ಆಗ ನನ್ನ ತಲೆ ತುಂಬಾ ಎಂಜಿನ್ನೇ ಇತ್ತು. ಕಪ್ಪು ಹೊಗೆ ಬರ್ತಿತ್ತು, ಏರು ಹತ್ತುವಾಗ ಎಳೀತಿರಲಿಲ್ಲ. ಎಂಜಿನ್ ಬಿಚ್ಚಿಸಿ ಬೋರ್ ಮಾಡಿಸೋಕೆ ಅಂತ ಕಾಳುಮೆಣಸು ಮಾರಿದ ದುಡ್ಡು ಎತ್ತಿಟ್ಟಿದ್ದೆ. ಹಳೇ ಗಾಡಿ ತಂದವರೆಲ್ಲ ಹೀಗೇ, ಮೊದಲು ಬಾನೆಟ್ ಎತ್ತುತ್ತಾರೆ. ಎಂಜಿನ್ ಕೆಟ್ಟರೆ ಗಾಡಿ ದಾರಿಯಲ್ಲಿ ನಿಲ್ಲತ್ತೆ, ಬೈಕೊಂಡು ನಡ್ಕೊಂಡು ಬರಬಹುದು. ಬ್ರೇಕೋ ಸ್ಟೀರಿಂಗೋ ಕೆಟ್ಟರೆ ಆ ಅವಕಾಶವೂ ಇರಲ್ಲ. ಅವತ್ತಿನಿಂದ ನಾನು ಹಳೇ ಗಾಡಿಯ ಕೆಲಸವನ್ನು ಈ ಕ್ರಮದಲ್ಲೇ ಮಾಡೋದು: ಮೊದಲು ನಿಲ್ಲೋದು, ಆಮೇಲೆ ತಿರುಗೋದು, ಕೊನೆಗೆ ಓಡೋದು. ಜುಲೈನಲ್ಲಿ ಮಳೆ ಬಿಡದೆ ಹೊಡೆಯುವಾಗ ತೋಟದ ಕೆಲಸ ಹೇಗೂ ಅರ್ಧ ನಿಂತಿರತ್ತೆ, ಶೆಡ್ಡಿನಲ್ಲಿ ಕೂತು ಮಾಡೋಕೆ ಅದೇ ಒಳ್ಳೆ ಕಾಲ.

ಗಾಡಿ ಕೆಳಗೆ ಮಲಗೋ ಮೊದಲು

ಇದನ್ನು ಓದದೆ ಮುಂದೆ ಹೋಗಬೇಡಿ. ಹಳೇ ಜೀಪುಗಳಲ್ಲಿ ಹೆಚ್ಚಿನವಕ್ಕೆ ಹ್ಯಾಂಡ್ ಬ್ರೇಕ್ ಇರೋದು ಚಕ್ರದಲ್ಲಿ ಅಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟ್ ಶುರುವಾಗೋ ಜಾಗದ ಒಂದು ಸಣ್ಣ ಡ್ರಮ್ಮಿನಲ್ಲಿ. ಅದು ಶಾಫ್ಟನ್ನು ಹಿಡಿಯತ್ತೆ, ಚಕ್ರವನ್ನಲ್ಲ. ಹಿಂದಿನ ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತಿದಿರಿ ಅನ್ನಿ. ಶಾಫ್ಟ್ ನಿಂತೇ ಇದ್ದರೂ ಡಿಫರೆನ್ಶಿಯಲ್ ಇರೋದರಿಂದ ಎತ್ತಿದ ಚಕ್ರ ಒಂದು ಕಡೆ ತಿರುಗತ್ತೆ, ನೆಲದ ಮೇಲಿನ ಚಕ್ರ ಇನ್ನೊಂದು ಕಡೆ ಉರುಳತ್ತೆ. ಹ್ಯಾಂಡ್ ಬ್ರೇಕ್ ಎಳೆದಿದ್ದರೂ, ಗೇರ್ ಹಾಕಿದ್ದರೂ ಗಾಡಿ ಜಾಕಿನಿಂದ ಜಾರಿ ಬೀಳತ್ತೆ. ಅದಕ್ಕೇ ನೆಲದಲ್ಲಿರುವ ಚಕ್ರಗಳಿಗೆ ಎರಡೂ ಕಡೆ ಗಟ್ಟಿ ಮರದ ತುಂಡು ಕೊಡಲೇಬೇಕು. ಜಾಗ ಸಮತಟ್ಟಾಗಿರಬೇಕು. ಕಾಫಿ ಕಣ ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಜಾಕ್ ಎತ್ತೋಕೆ ಮಾತ್ರ. ಎತ್ತಿದ ಮೇಲೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ, ಇಲ್ಲದಿದ್ದರೆ ಅಗಲವಾದ ಮರದ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿ. ಸಿಮೆಂಟ್ ಬ್ಲಾಕು, ಇಟ್ಟಿಗೆ, ಜಂಬಿಟ್ಟಿಗೆ ಯಾವುದನ್ನೂ ಇಡಬೇಡಿ. ಅವು ಮುನ್ಸೂಚನೆ ಕೊಡದೆ ಒಡೀತವೆ. ಡ್ರಮ್ ಬಿಚ್ಚಿದಾಗ ಒಳಗಿರೋ ಕಪ್ಪು ಪುಡಿಯನ್ನು ಕಂಪ್ರೆಸರ್ ಗಾಳಿ ಹೊಡೆದು ಹಾರಿಸಬೇಡಿ, ಬಾಯಲ್ಲಿ ಊದಲೂಬೇಡಿ. ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರಲ್ಲ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಿಸಾಕಿ.

ಬ್ರೇಕ್ ಯಾಕೆ ಹೋಯ್ತು

ಡ್ರಮ್ ಬಿಚ್ಚಿ ನೋಡಿದಾಗ ವೀಲ್ ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕು ತಿಂದ ಗುಳಿಗಳಿದ್ದವು. ರಬ್ಬರ್ ಕಪ್ಪು ಆ ಗುಳಿಯ ಮೇಲೆ ಹೋಗಿ ಬಂದು ಹರಿದಿತ್ತು. ಹೊರಗೆ ಮಳೆ ಬಿದ್ದರೆ ಒಳಗೆ ತುಕ್ಕು ಹೇಗೆ ಬರತ್ತೆ ಅಂತ ನೀವು ಕೇಳಬಹುದು. ಬ್ರೇಕ್ ಆಯಿಲ್ ಅಂತ ನಾವು ಕರೆಯೋದು ಎಣ್ಣೆಯೇ ಅಲ್ಲ. ಡಾಟ್ 3, ಡಾಟ್ 4 ಎರಡೂ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವಗಳು. ಮುಚ್ಚಳದ ತೂತಿನಿಂದ, ರಬ್ಬರ್ ಹೋಸಿನಿಂದ ಸ್ವಲ್ಪ ಸ್ವಲ್ಪವಾಗಿ ನೀರು ಸೇರ್ತಾನೇ ಇರತ್ತೆ, ನಮ್ಮ ಕೊಡಗಿನ ಮಳೆಗಾಲದಲ್ಲಂತೂ ಇನ್ನೂ ಬೇಗ. ಆ ನೀರು ಎರಡು ಅನಾಹುತ ಮಾಡತ್ತೆ. ಒಂದು, ಒಳಗಿನ ಕಬ್ಬಿಣಕ್ಕೆ ತುಕ್ಕು. ಇನ್ನೊಂದು, ಕುದಿಯುವ ಬಿಂದು ಇಳಿಯತ್ತೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನೋದು ಅದರ ಮಾನದಂಡ. ಅದರಲ್ಲಿ ಶೇಕಡಾ 4ರ ಹತ್ತಿರ ನೀರು ಸೇರಿದರೆ ಅದೇ ಬಿಂದು 140ಕ್ಕೆ ಇಳಿಯತ್ತೆ. ಮಾಕುಟ್ಟ ಘಾಟಿ ಇಳಿಯುವಾಗ ಪೂರ್ತಿ ಬ್ರೇಕ್ ಮೇಲೇ ಬಂದರೆ ಆ ಬಿಸಿಗೆ ದ್ರವ ಕುದಿದು ಆವಿಯಾಗತ್ತೆ, ಪೆಡಲ್ಲು ಸ್ಪಂಜಿನ ಹಾಗೆ ಒಳಗೆ ಹೋಗತ್ತೆ. ನನ್ನ ಗಾಡಿಯಲ್ಲಿ ಆಗಿದ್ದು ಮೊದಲನೇದು, ಎರಡನೇದೂ ಕಾಯ್ತಾ ಇತ್ತು.

ಇನ್ನೊಂದು ವಿಷಯ. ಹಳೇ ಜೀಪುಗಳಲ್ಲಿ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದ್ದು. ಈಗಿನ ಗಾಡಿಗಳ ಹಾಗೆ ಎರಡು ಬೇರೆ ಸರ್ಕ್ಯೂಟ್ ಇಲ್ಲ. ಒಂದು ಚಕ್ರದಲ್ಲಿ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಗತ್ತೆ. ಅದಕ್ಕೇ ಸೋರಿದ ಒಂದು ಸಿಲಿಂಡರ್ ಮಾತ್ರ ಬದಲಾಯಿಸೋದು ಉಳಿತಾಯ ಅಲ್ಲ. ಅದೇ ವಯಸ್ಸಿನ ಬೇರೆ ಮೂರು ಅಲ್ಲೇ ಕೂತಿವೆ. ನಾನು ನಾಲ್ಕೂ ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಕಿಟ್, ಮೂರು ರಬ್ಬರ್ ಹೋಸ್, ಹೊಸ ದ್ರವ ಹಾಕಿದೆ. ಎಲ್ಲಾ ಸೇರಿ ಆಗಿನ ಬೆಲೆಯಲ್ಲಿ ಒಂದು ಚೀಲ ಚೆರಿ ಕಾಫಿಯ ದುಡ್ಡಿನ ಒಳಗೇ ಮುಗೀತು. ಬೋರ್ ಮಾಡಿಸೋಕೆ ಎತ್ತಿಟ್ಟ ಹಣ ಹಾಗೇ ಉಳಿಯಿತು.

ಕೆಲಸ ಕಷ್ಟದ್ದಲ್ಲ, ಸಮಾಧಾನ ಬೇಕು ಅಷ್ಟೇ. ಹಿಂದಿನ ದಿನವೇ ಪೈಪಿನ ನಟ್ಟುಗಳಿಗೆ ತುಕ್ಕು ಬಿಡಿಸೋ ಎಣ್ಣೆ ಹಾಕಿಡಿ. ಸಾಧಾರಣ ಸ್ಪ್ಯಾನರಿನಲ್ಲಿ ತಿರುಗಿಸಿದರೆ ಮೂಲೆ ಸವೆದು ದುಂಡಗಾಗತ್ತೆ, ಪೈಪೇ ತಿರುಚಿಕೊಳ್ಳತ್ತೆ. ಬ್ರೇಕ್ ಪೈಪಿಗೆ ಅಂತಲೇ ಬಾಯಿ ಕತ್ತರಿಸಿದ ರಿಂಗ್ ಸ್ಪ್ಯಾನರ್ ಸಿಗತ್ತೆ, ತಗೊಳ್ಳಿ. ರಬ್ಬರ್ ಭಾಗಗಳನ್ನು ತೊಳೆಯೋಕೆ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಬಳಸಬೇಡಿ, ಅವು ತಾಗಿದರೆ ಕಪ್ಪು ಊದಿಕೊಳ್ಳತ್ತೆ. ಹೊಸ ಬ್ರೇಕ್ ದ್ರವದಲ್ಲೇ ತೊಳೆದು ಜೋಡಿಸಿ. ದ್ರವ ಪೇಂಟಿನ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೀರಿ, ಇಲ್ಲದಿದ್ದರೆ ಪೇಂಟು ಎದ್ದು ಬರತ್ತೆ.

ಗಾಳಿ ತೆಗೆಯೋಕೆ ಇಬ್ಬರು ಬೇಕು. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು ಮಾಡಿ. ನಮ್ಮ ಬಲಗೈ ಸ್ಟೀರಿಂಗಿನ ಗಾಡಿಯಲ್ಲಿ ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಕೊನೆಗೆ ಬಲ ಮುಂದೆ. ಬ್ಲೀಡರಿಗೆ ಪಾರದರ್ಶಕ ಟ್ಯೂಬ್ ಹಾಕಿ, ಅದರ ತುದಿ ಸ್ವಲ್ಪ ದ್ರವ ಇರೋ ಬಾಟಲಿಯಲ್ಲಿ ಮುಳುಗಿರಲಿ. ನಮ್ಮ ರೈಟರು ಒಳಗೆ ಕೂತು ‘ಒತ್ತಿದೀನಿ ಸಾರ್’ ಅಂದ ಮೇಲೆ ನಾನು ಬ್ಲೀಡರ್ ಸಡಿಲಿಸೋದು, ಮುಚ್ಚಿ ‘ಬಿಡಿ’ ಅಂದ ಮೇಲೆ ಅವರು ಕಾಲು ತೆಗೆಯೋದು. ಈ ಮಾತು ತಪ್ಪಿದರೆ ಗಾಳಿ ಮತ್ತೆ ಒಳಗೆ ಎಳೆಯತ್ತೆ, ಮೊದಲಿಂದ ಶುರು ಮಾಡ್ಬೇಕು. ನಾವು ಎರಡು ಸಲ ಮೊದಲಿಂದ ಶುರು ಮಾಡಿದ್ದೇವೆ. ಮೇಲಿನ ಡಬ್ಬಿ ಖಾಲಿಯಾಗದ ಹಾಗೆ ನೋಡ್ಕೊಳ್ಳಿ. ಹೊರಗೆ ಬಂದ ದ್ರವವನ್ನು ಮತ್ತೆ ಸುರಿಯಬೇಡಿ.

ಆಮೇಲೆ ಶೂ ಅಡ್ಜಸ್ಟ್ ಮಾಡಿ: ಚಕ್ರ ತಿರುಗಿಸ್ತಾ ಉಜ್ಜೋ ತನಕ ಬಿಗಿ ಮಾಡಿ, ಸಲೀಸಾಗಿ ತಿರುಗೋ ತನಕ ಸಡಿಲಿಸಿ. ಮೊದಲ ಪರೀಕ್ಷೆ ಕಣದಲ್ಲೇ, ಖಾಲಿ ಗಾಡಿಯಲ್ಲಿ. ಪೆಡಲ್ಲನ್ನು ಒಂದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದು ನೋಡಿ, ನಿಧಾನಕ್ಕೆ ಇಳೀತಾ ಹೋದರೆ ಇನ್ನೂ ಎಲ್ಲೋ ಸೋರ್ತಿದೆ ಅಥವಾ ಮಾಸ್ಟರ್ ಸಿಲಿಂಡರಿನ ಒಳಗೆ ಕಪ್ಪು ಹಿಡೀತಿಲ್ಲ. ಆ ಗಾಡಿಯನ್ನು ರಸ್ತೆಗೆ ತರಬೇಡಿ.

ಸ್ಟೀರಿಂಗಿನ ಆಟ ಎಲ್ಲಿಂದ

ಸ್ಟೀರಿಂಗ್ ಅಲ್ಲಾಡತ್ತೆ ಅಂದ ಕೂಡಲೇ ಎಲ್ಲರೂ ಸ್ಟೀರಿಂಗ್ ಬಾಕ್ಸ್ ಬಿಗಿ ಮಾಡ್ತಾರೆ. ಆಟ ಬೇರೆ ಕಡೆ ಇದ್ದರೆ ಬಾಕ್ಸ್ ಸುಮ್ಮನೆ ಸವೆಯತ್ತೆ. ಒಬ್ಬರು ಎಂಜಿನ್ ಆಫ್ ಇಟ್ಟು ಸ್ಟೀರಿಂಗನ್ನು ಸ್ವಲ್ಪ ಎಡಕ್ಕೆ ಬಲಕ್ಕೆ ತಿರುಗಿಸ್ತಾ ಇರಲಿ. ನೀವು ಕೆಳಗಿಂದ ಒಂದೊಂದೇ ಜಾಯಿಂಟಿನ ಮೇಲೆ ಕೈ ಇಟ್ಟು ನೋಡಿ. ಯಾವ ಜಾಯಿಂಟಿನ ಒಂದು ಬದಿ ಅಲ್ಲಾಡಿ ಇನ್ನೊಂದು ಬದಿ ಸುಮ್ಮನಿದೆಯೋ ಅದೇ ಕಳ್ಳ.

ಮುಂದಿನ ಚಕ್ರ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ವೀಲ್ ಬೇರಿಂಗ್ ಇರಬಹುದು, ಕಿಂಗ್ ಪಿನ್ ಬೇರಿಂಗೂ ಇರಬಹುದು. ಬೇರೆ ಮಾಡೋಕೆ ಸುಲಭ ಉಪಾಯ ಇದೆ. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗ ಆಟ ಮಾಯವಾದರೆ ವೀಲ್ ಬೇರಿಂಗ್, ಹಾಗೇ ಉಳಿದರೆ ಕಿಂಗ್ ಪಿನ್. ಬ್ರೇಕ್ ಒತ್ತಿದಾಗ ಡ್ರಮ್ಮು ಹಿಂದಿನ ಪ್ಲೇಟಿಗೆ ಬಿಗಿಯಾಗಿ ಹಿಡ್ಕೊಳ್ಳತ್ತೆ, ಹಾಗಾಗಿ ಬೇರಿಂಗಿನ ಆಟ ಕಾಣಲ್ಲ. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್ ನೋಡಿ. ವೀಲ್ ಬೇರಿಂಗ್ ಮನೆಯಲ್ಲೇ ಗ್ರೀಸ್ ತುಂಬಿ ಸರಿ ಮಾಡಬಹುದು. ಕಿಂಗ್ ಪಿನ್ನಿನಲ್ಲಿ ಶಿಮ್ ಲೆಕ್ಕ ಇರತ್ತೆ, ಮೊದಲ ಸಲ ಗೊತ್ತಿರುವ ಮೆಕ್ಯಾನಿಕ್ ಪಕ್ಕದಲ್ಲಿ ಇರಲಿ. ಸ್ಟೀರಿಂಗಿನ ಯಾವ ಭಾಗಕ್ಕೂ ವೆಲ್ಡಿಂಗ್ ಬೇಡ, ಯಾರು ಎಷ್ಟೇ ಧೈರ್ಯ ಹೇಳಲಿ. ಬಿಚ್ಚಿದ ಕಾಟರ್ ಪಿನ್ ಮತ್ತೆ ಹಾಕೋದೂ ಬೇಡ, ಹೊಸದು ಕಾಸಿಗೆ ಸಿಗತ್ತೆ.

ಇದರ ಜೊತೆಗೇ ಯು ಬೋಲ್ಟ್ ಬಿಗಿ ಇದೆಯಾ, ಸ್ಪ್ರಿಂಗ್ ಪಟ್ಟಿ ಯಾವುದಾದರೂ ಬಿರುಕು ಬಿಟ್ಟಿದೆಯಾ ನೋಡಿ. ಬಿರುಕಿನ ಜಾಗದಲ್ಲಿ ತುಕ್ಕಿನ ಸಣ್ಣ ಗೆರೆ ಕಾಣತ್ತೆ.

ತೋಡು ದಾಟಿದ ಮೇಲೆ

ಟಾರು ರಸ್ತೆಯ ಗಾಡಿಗೆ ಇಲ್ಲದ ಒಂದು ಕಾಯಿಲೆ ನಮ್ಮ ಜೀಪುಗಳಿಗೆ ಇದೆ. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಹೌಸಿಂಗಿನ ಒಳಗಿನ ಗಾಳಿ ಕುಗ್ಗತ್ತೆ. ಮೇಲಿರೋ ಸಣ್ಣ ಬ್ರೀದರ್ ಮಣ್ಣು ಕಟ್ಟಿಕೊಂಡಿದ್ದರೆ, ಆಕ್ಸಲ್ಲು ಆಯಿಲ್ ಸೀಲಿನ ಪಕ್ಕದಿಂದ ನೀರನ್ನೇ ಒಳಗೆ ಎಳೆದುಕೊಳ್ಳತ್ತೆ. ಮುಂದೆ ಬಿಸಿಯಾದಾಗ ಅದೇ ಸೀಲಿನಿಂದ ಆಯಿಲ್ ಹೊರಗೆ ತಳ್ಳತ್ತೆ. ಎಷ್ಟೋ ಜನ ಸೀಲ್ ಮೇಲೆ ಸೀಲ್ ಬದಲಾಯಿಸ್ತಾರೆ, ಬ್ರೀದರ್ ಮಾತ್ರ ಬಿಚ್ಚಿ ನೋಡಲ್ಲ. ಅದನ್ನು ಡೀಸೆಲ್ಲಿನಲ್ಲಿ ತೊಳೆದು ಊದಿದರೆ ಕೆಲಸ ಮುಗೀತು.

ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೌಸಿಂಗಿನ ಕೆಳಗಿನ ಪ್ಲಗ್ ಸ್ವಲ್ಪ ಸಡಿಲಿಸಿ ನಾಲ್ಕು ಹನಿ ನೋಡ್ತೀನಿ. ಆಯಿಲ್ಲು ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ಬಂದಿದ್ದರೆ ನೀರು ಸೇರಿದೆ, ಅವತ್ತೇ ಬದಲಾಯಿಸ್ಬೇಕು. ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ ಎರಡರ ಮಟ್ಟವನ್ನೂ ನೋಡಿ. ಒಂದರಲ್ಲಿ ಕಡಿಮೆಯಾಗಿ ಇನ್ನೊಂದರಲ್ಲಿ ಹೆಚ್ಚಾಗಿದ್ದರೆ ಆಯಿಲ್ ಹೊರಗೆ ಸೋರಿಲ್ಲ, ನಡುವಿನ ಸೀಲ್ ದಾಟಿದೆ. ಹೌಸಿಂಗಿಗೆ ಹಾಕೋ ಜಿಎಲ್ 5 ಆಯಿಲನ್ನು ಹಳೇ ಗೇರ್‌ಬಾಕ್ಸಿಗೆ ಹಾಕದಿದ್ದರೆ ಒಳ್ಳೇದು. ಒಳಗಿನ ಹಿತ್ತಾಳೆ ರಿಂಗುಗಳಿಗೆ ಅದರ ರಾಸಾಯನಿಕ ಆಗಿ ಬರಲ್ಲ, ಜಿಎಲ್ 4 ಕೇಳಿ ತಗೊಳ್ಳಿ. ತೆಗೆದ ಆಯಿಲನ್ನು ಕ್ಯಾನಿನಲ್ಲಿ ತುಂಬಿಡಿ, ತೋಡಿಗೆ ಮಾತ್ರ ಬಿಡಬೇಡಿ. ಅದು ಸೀದಾ ನಮ್ಮದೇ ಗದ್ದೆಗೆ ಬರತ್ತೆ.

ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳಿಗೆ ಗ್ರೀಸ್ ಹೊಡೆಯೋದು ಬಿಡಬೇಡಿ. ಗಾಡಿ ಹೊರಡುವಾಗ ‘ಟಣ್’ ಅನ್ನೋ ಶಬ್ದ ಬಂದರೆ ಮೊದಲ ಅನುಮಾನ ಅದರ ಮೇಲೇ.

ಕೊನೆಗೆ ಎಂಜಿನ್

ಇಲ್ಲಿಗೆ ಬರೋ ಹೊತ್ತಿಗೆ ಆಗಸ್ಟ್ ಆಗಿತ್ತು. ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ, ಕತ್ತಿ ಜೊತೆ ಜೀಪಿಗೂ ಹೂವಿಡ್ತೀವಲ್ಲ, ಅಷ್ಟರೊಳಗೆ ಮುಗಿಸೋಣ ಅಂತ ನನ್ನ ಆಸೆ. ಗೋಣಿಕೊಪ್ಪದ ಕಡೆಯ ಒಬ್ಬ ಹಳೇ ಮೆಕ್ಯಾನಿಕ್ಕನ್ನು ಕರೆದು ಹೊಗೆ ತೋರಿಸಿದೆ. ಅವರು ಎಂಜಿನ್ ಮುಟ್ಟಲೇ ಇಲ್ಲ. ‘ಏರ್ ಕ್ಲೀನರ್ ಯಾವಾಗ ತೊಳೆದಿದ್ದು?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನನ್ನ ಗಾಡಿಯಲ್ಲಿರೋದು ಆಯಿಲ್ ಬಾತ್ ಏರ್ ಕ್ಲೀನರ್. ಗಾಳಿ ಕೆಳಗಿನ ಬಟ್ಟಲಿನ ಆಯಿಲ್ ಮೇಲೆ ತಿರುಗಿ ಹೋಗುವಾಗ ಧೂಳು ಅದರಲ್ಲಿ ಉಳಿಯತ್ತೆ. ಜನವರಿಯಿಂದ ಮಾರ್ಚ್ ತನಕ, ಕೊಯ್ಲಿನ ಸಮಯದಲ್ಲಿ ತೋಟದ ದಾರಿಯ ಧೂಳು ಎಷ್ಟಿರತ್ತೆ ನಿಮಗೇ ಗೊತ್ತು. ಬಟ್ಟಲು ಬಿಚ್ಚಿದರೆ ಆಯಿಲ್ ಇರಲಿಲ್ಲ, ಇದ್ದದ್ದು ಗಟ್ಟಿ ಕೆಸರು. ಗಾಳಿ ಸಾಲದೆ ಡೀಸೆಲ್ ಪೂರ್ತಿ ಉರೀತಿರಲಿಲ್ಲ, ಅದೇ ಕಪ್ಪು ಹೊಗೆ. ಬಟ್ಟಲು, ಜಾಲರಿ ಎರಡನ್ನೂ ಡೀಸೆಲ್ಲಿನಲ್ಲಿ ತೊಳೆದು ಒಣಗಿಸಿ, ಗುರುತಿನ ತನಕ ಹೊಸ ಎಂಜಿನ್ ಆಯಿಲ್ ಹಾಕಿದೆವು. ಗುರುತಿಗಿಂತ ಹೆಚ್ಚು ಹಾಕಬಾರದು, ಎಂಜಿನ್ ಅದನ್ನು ಎಳೆದುಕೊಳ್ಳತ್ತೆ. ಹೊಗೆ ಮುಕ್ಕಾಲು ಪಾಲು ಹೋಯ್ತು. ಉಳಿದದ್ದಕ್ಕೆ ನಾಜಲ್ ಬಿಚ್ಚಿ ಪಂಪ್ ಅಂಗಡಿಯಲ್ಲಿ ಟೆಸ್ಟ್ ಮಾಡಿಸಿದೆ. ಅದು ಮನೆಯ ಕೆಲಸ ಅಲ್ಲ. ನಾಜಲಿನಿಂದ ಬರೋ ಡೀಸೆಲ್ ಎಷ್ಟು ಒತ್ತಡದಲ್ಲಿರತ್ತೆ ಅಂದ್ರೆ ಚರ್ಮ ಕೊರೆದು ಒಳಗೆ ಹೋಗಬಹುದು, ಅದರ ಮುಂದೆ ಕೈ ಹಿಡೀಬೇಡಿ.

ಹೊಗೆ ನೀಲಿ ಇದ್ದಿದ್ದರೆ ಮಾತು ಬೇರೆ, ಅದು ಆಯಿಲ್ ಉರೀತಿರೋ ಲಕ್ಷಣ. ಬಿಸಿಯಾದ ಮೇಲೂ ಬಿಳಿ ಹೊಗೆ ಬಂದು ರೇಡಿಯೇಟರ್ ನೀರು ಕಡಿಮೆಯಾಗ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸಿ, ಗುಳ್ಳೆ ಬಿಡದೆ ಬರ್ತಾ ಇದ್ದರೆ ಗ್ಯಾಸ್ ನೀರಿಗೆ ಬರ್ತಿದೆ ಅಂತ. ಆಯಿಲ್ ಹಾಕೋ ಮುಚ್ಚಳ ತೆಗೆದಾಗ ರೈಲಿನ ಹಾಗೆ ಬುಸುಬುಸು ಹೊಗೆ ಬಂದರೆ ಮಾತ್ರ ರಿಂಗು, ಬೋರಿನ ಯೋಚನೆ ಮಾಡಿ.

ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದ ರೋಗಕ್ಕೆ ಎಲ್ಲರೂ ಹೊಸ ಬ್ಯಾಟರಿ ತರ್ತಾರೆ. ನಾನೂ ತಂದೆ, ದಂಡ. ಒಂದು ಮಲ್ಟಿಮೀಟರ್ ತಗೊಂಡು ಬ್ಯಾಟರಿಯ ಮೈನಸ್ಸಿಗೂ ಎಂಜಿನ್ನಿನ ಬರೀ ಲೋಹಕ್ಕೂ ಮುಟ್ಟಿಸಿ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಕೇಬಲ್ ಕೊಳೆತಿದೆ. ನನ್ನದು ಹಸಿರು ಪುಡಿ ಹಿಡಿದು ಅರ್ಧ ತುಂಡಾಗಿತ್ತು. ಅದು ಸರಿಯಿದ್ದರೆ ಹೀಟರ್ ಪ್ಲಗ್ ಒಂದೊಂದನ್ನೇ ತಂತಿ ಬಿಚ್ಚಿ ಪರೀಕ್ಷಿಸಿ. ಈ ಪೂಜೋ ಎಂಜಿನ್ನು ಅವು ಇಲ್ಲದೆ ಚಳಿಯಲ್ಲಿ ಏಳಲ್ಲ.

ಕಾಗದದ ವಿಷಯವೂ ಇದೆ. ಖಾಸಗಿ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯತ್ತೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸ್ಬೇಕು, ಗಾಡಿಯನ್ನು ತಪಾಸಣೆಗೆ ತೋರಿಸ್ಬೇಕು. ಕಾರು, ಜೀಪಿನ ಈ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು, 20 ವರ್ಷ ದಾಟಿದ ಗಾಡಿಗಳಿಗೆ 2025ರಲ್ಲಿ ಮತ್ತೆ ಏರಿಸಿದ್ದಾರೆ. ಹಳೇ ಜೀಪು ಕೊಳ್ಳೋರು ಎಂಜಿನ್ ಶಬ್ದ ಕೇಳೋ ಮೊದಲು ಆರ್‌ಸಿಯ ತಾರೀಕು ನೋಡಿ. ಚಾಸಿ ನಂಬರ್ ತುಕ್ಕಿನಲ್ಲಿ ಮುಚ್ಚಿಹೋಗಿದ್ದರೆ ಓದೋ ಹಾಗೆ ಉಜ್ಜಿಸಿಟ್ಟುಕೊಳ್ಳಿ, ಗ್ರೈಂಡರ್ ಮಾತ್ರ ಹಚ್ಚಬೇಡಿ.

ನನ್ನ ಜೀಪು ಈಗ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಸಣ್ಣ ನೋಟ್‌ಬುಕ್ ಇಟ್ಕೊಂಡು ಓಡಾಡತ್ತೆ. ಬ್ರೇಕ್ ದ್ರವ ಟಾಪ್ ಅಪ್ ಮಾಡಿದರೆ ತಾರೀಕು ಬರೀಬೇಕು ಅನ್ನೋದು ರೈಟರು ಮಾಡಿದ ರೂಲು. ಒಂದೇ ತಿಂಗಳಲ್ಲಿ ಎರಡು ತಾರೀಕು ಬಿದ್ದರೆ ಕೀಲಿ ಅವರ ಜೇಬಿಗೆ ಹೋಗತ್ತೆ. ಕಳೆದ ಆಗಸ್ಟಿನಲ್ಲಿ ಹಾಗೆ ಒಂದು ಸಲ ಹೋಗಿತ್ತು. ಬಲ ಮುಂದಿನ ಹೋಸಿನ ವಾಷರ್ ಸೋರ್ತಿತ್ತು.